ಕೊನೆಯ ಹಾಡಿನ ಎಣಿಕೆ

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಸದ್ದು ಹೊರಗೆ ಹೋಗದಿರಲೆಂದು ನಲ್ಲಿಯನ್ನು ಸಣ್ಣಗೆ ಬಿಟ್ಟು, ಸೊಸೆ ಕೊಟ್ಟ ಹಳೆಯ ಮೊಬೈಲನ್ನು ಸೋಪಿನ ಪಕ್ಕ ಒರಗಿಸಿ ನಿಲ್ಲಿಸಿ, ಡ್ರಿಲ್ ಮೇಷ್ಟ್ರು ಆ ಹಾಡನ್ನು ಇನ್ನೊಂದು ಸಲ ಎಣಿಸಿ ನೋಡಿದರು. ಐದರವರೆಗೆ ಏನೂ ತೊಂದರೆಯಿರಲಿಲ್ಲ. ಡ್ರಮ್ಮು ಇವರ ಬೆರಳಿನ ಜೊತೆಗೇ ಬೀಳುತ್ತಿತ್ತು, ಹಾಡುವವನು ಯಾರ ಮೇಲೋ ಸಿಟ್ಟು ಬಂದವನಂತೆ ಕಿರುಚುತ್ತಿದ್ದ, ಆರು ಎಂದರು, ಏಳು ಎಂದರು, ಎಂಟು ಎಂದು ಬಾಯಿ ತೆರೆಯುವಷ್ಟರಲ್ಲಿ ಹಾಡು ಇವರನ್ನು ಬಿಟ್ಟು ಮುಂದೆ ಹೋಗಿಯಾಗಿತ್ತು. ಮತ್ತೆ ಮೊದಲಿಗೆ ತಂದು ಈ ಸಲ ಬೇಗ ಬೇಗ ಎಣಿಸಿದರು. ಮೊದಲ ಸುತ್ತನ್ನು ಹೇಗೋ ಹಿಡಿದರು, ಎರಡನೆಯದು ಜಾರಿತು, ನಾಲ್ಕನೆಯದಕ್ಕೆ ಬರುವಾಗ ತಾವು ಎಣಿಸುತ್ತಿರುವುದು ಹಾಡನ್ನೋ ಪಕ್ಕದ ಮನೆಯ ನೀರಿನ ಮೋಟಾರನ್ನೋ ಎಂಬುದೇ ತಿಳಿಯದಾಯಿತು. ಬೇರೆ ಮೇಷ್ಟ್ರುಗಳು ವ್ಯಾಕರಣ ಕಲಿಸಿದರು, ಬೀಜಗಣಿತ ಕಲಿಸಿದರು. ಇವರು ಮೂವತ್ತಾರು ವರ್ಷ ಬಿಸಿಲಲ್ಲಿ ನಿಂತು ಕಲಿಸಿದ್ದು ಎಂಟರವರೆಗೆ ಎಣಿಸುವುದನ್ನು. ಈಗ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಅದೇ ಕೈಕೊಡುತ್ತಿತ್ತು. ಜೊತೆಯಲ್ಲಿದ್ದ ಭೂಗೋಳದ ಮೇಷ್ಟ್ರು ನಿವೃತ್ತಿಯಾದ ಮೂರನೆಯ ವರ್ಷ ಹಾಲು ತರಲು ಹೋದವರು ಮನೆಯ ದಾರಿ ತಿಳಿಯದೆ ಸಂಜೆಯವರೆಗೆ ಬಸ್ ನಿಲ್ದಾಣದಲ್ಲಿ ಕೂತಿದ್ದರಂತೆ. ಆಗ ಅದನ್ನು ಕೇಳಿ ಇವರು ನಕ್ಕಿದ್ದರು. ಭೂಪಟ ಬಿಡಿಸುತ್ತಿದ್ದ ಮನುಷ್ಯ, ನೋಡಿ ಹೇಗಾಯಿತು ಎಂದು ಇವರೇ ನಾಲ್ಕು ಜನರಿಗೆ ಹೇಳಿದ್ದರು. ಈಗ ನಲ್ಲಿಯ ನೀರು ಬಕೆಟ್ ತುಂಬಿ ಕಾಲ ಮೇಲೆ ಹರಿಯುತ್ತಿದ್ದರೂ ಅದನ್ನು ನಿಲ್ಲಿಸಬೇಕೆಂದು ತೋಚದೆ ನಿಂತಿದ್ದರು. ಭಾನುವಾರ ಬೆಳಗಿನ ಐದೂಕಾಲು. ಆರೂವರೆಗೆ ಮೈದಾನದ ಕಟ್ಟೆಯ ಮೇಲೆ ನಿಂತು ಇಪ್ಪತ್ತಾರು ಜನರ ಮುಂದೆ ಈ ಹಾಡನ್ನು ಎಣಿಸಬೇಕು.

ಇಷ್ಟಕ್ಕೆಲ್ಲ ಕಾರಣ ಆ ಫಿಸಿಯೋದ ಹುಡುಗಿ. ಹುಡುಗಿಯೆಂದರೆ ಮೂವತ್ತರ ಹತ್ತಿರ. ರಸ್ತೆ ತಿರುವಿನ ಆಸ್ಪತ್ರೆಯಲ್ಲಿ ಸೊಂಟ ಹಿಡಿದುಕೊಂಡವರನ್ನೂ ಕೈ ಬಿದ್ದುಹೋದವರನ್ನೂ ನಡೆಸುವುದು, ಬಗ್ಗಿಸುವುದು ಅವಳ ಕೆಲಸ. ಏಳು ತಿಂಗಳ ಹಿಂದೆ ಬಂದು ಸೇರಿದಳು. ಅವಳನ್ನು ದ್ವೇಷಿಸಲು ಮೇಷ್ಟ್ರು ಮನಸ್ಸು ಮಾಡಿದ್ದುಂಟು, ಆದರೆ ಅವಳು ಎದುರಿಗೆ ಬಂದು 'ಮೇಷ್ಟ್ರೇ' ಎಂದು ನಕ್ಕುಬಿಟ್ಟರೆ ಕಟ್ಟಿಕೊಂಡ ಸಿಟ್ಟೆಲ್ಲ ಪುಸಕ್ಕನೆ ಇಳಿದುಹೋಗುತ್ತಿತ್ತು. ನೀರಿನ ಟ್ಯಾಂಕಿನ ಹಿಂದಿನ ಮೈದಾನದಲ್ಲಿ ಒಂಬತ್ತು ವರ್ಷದ ಹಿಂದೆ ಮೂರೇ ಜನರಿಂದ ಶುರುವಾದ ವ್ಯಾಯಾಮ ಅದು: ಮೇಷ್ಟ್ರು, ಬೇಕರಿಯವನು, ಆಮೇಲೆ ತೀರಿಕೊಂಡ ಒಬ್ಬ ಅಂಚೆ ಗುಮಾಸ್ತ. ಹಳೆಯ ದೀಪದ ಕಂಬ ಕಿತ್ತ ಮೇಲೆ ಉಳಿದ ಸಿಮೆಂಟಿನ ಕಟ್ಟೆಯೊಂದಿತ್ತು. ಅದರ ಮೇಲೆ ನಿಂತವನು ಎಣಿಸಬೇಕು, ಕೆಳಗಿದ್ದವರು ತುಟಿಪಿಟಕ್ಕೆನ್ನಬಾರದು ಎಂಬುದು ನಿಯಮ. ನಿಯಮ ಯಾರು ಮಾಡಿದ್ದೆಂದು ಕೇಳುವ ಅಗತ್ಯವಿರಲಿಲ್ಲ, ಒಂಬತ್ತು ವರ್ಷದಲ್ಲಿ ಆ ಕಟ್ಟೆ ಹತ್ತಿದವರು ಮೇಷ್ಟ್ರು ಒಬ್ಬರೇ. ಫಿಸಿಯೋದವಳು ಬಂದಮೇಲೆ ತಿಂಗಳ ಕೊನೆಯ ಭಾನುವಾರಕ್ಕೊಂದು ಥೀಮ್ ಎಂದಾಯಿತು. ಮೊದಲ ತಿಂಗಳು ಹಳೆಯ ಸಿನಿಮಾ ಹಾಡು, ಇರಲಿ. ಎರಡನೆಯ ತಿಂಗಳು ಎಲ್ಲರೂ ನೀಲಿ ಬಟ್ಟೆ. ನೀಲಿಗೂ ಬೆನ್ನು ಬಗ್ಗಿಸುವುದಕ್ಕೂ ಏನು ಸಂಬಂಧವೆಂದು ಮೇಷ್ಟ್ರಿಗೆ ಇವತ್ತಿಗೂ ತಿಳಿದಿಲ್ಲ. ಈ ಸಲ ಆ ರಾಕ್ ಬ್ಯಾಂಡು. ಗುಂಪಿನಲ್ಲಿ ಮುಕ್ಕಾಲು ಪಾಲು ನಲವತ್ತರ ಆಸುಪಾಸಿನವರು, ಮೀಸೆ ಚಿಗುರುವ ಕಾಲಕ್ಕೆ ಅದನ್ನು ಕೇಳಿ ಬೆಳೆದವರು. ಮೊಬೈಲಿನಲ್ಲಿ ವೋಟು ಹಾಕಿ ಗೆಲ್ಲಿಸಿಬಿಟ್ಟರು. ಒಂದೊಂದು ಹಾಡಿಗೆ ಒಂದೊಂದು ವ್ಯಾಯಾಮ, ಒಟ್ಟು ಎಂಟು ಹಾಡು, ಮೇಷ್ಟ್ರೇ ಎಣಿಸುತ್ತಾರೆ ಎಂದು ಅವಳೇ ಪಟ್ಟಿ ಹಾಕಿದಳು.

ಏಳು ಹಾಡು ಸುಸೂತ್ರ. ಬುಧವಾರದ ಹೊತ್ತಿಗೆ ಏಳನ್ನೂ ಮೇಷ್ಟ್ರು ಬಾಯಿಪಾಠ ಮಾಡಿಕೊಂಡಿದ್ದರು, ಅಷ್ಟೇ ಏಕೆ, ಮೂರನೆಯದು ಅವರಿಗೆ ಕೊಂಚ ಹಿಡಿಸಿಯೂ ಇತ್ತು. ಎಂಟನೆಯದೇ ಗ್ರಹಚಾರ. ಗುರುವಾರ ಮೈದಾನದಲ್ಲಿ ಅವಳನ್ನು ಪಕ್ಕಕ್ಕೆ ಕರೆದು, ಅದೊಂದು ಹಾಡು ಬಿಟ್ಟುಬಿಡೋಣಮ್ಮ, ಅದರ ರೆಕಾರ್ಡಿಂಗಲ್ಲೇ ಏನೋ ದೋಷ ಇದೆ, ಮಧ್ಯೆ ಮಧ್ಯೆ ಕಟ್ ಆಗಿದೆ ಎಂದಿದ್ದರು. "ಅದನ್ನ ಬಿಟ್ಟರೆ ಆ ಬ್ಯಾಂಡ್ ಎಲ್ಲಿ ಮೇಷ್ಟ್ರೇ? ಅದಕ್ಕೋಸ್ಕರಾನೇ ಎಲ್ಲರೂ ಬರ್ತಿರೋದು" ಎಂದಳು. ಸ್ವಲ್ಪ ಹೊತ್ತು ಇವರ ಮುಖ ನೋಡಿ, "ಬೇಕಾದ್ರೆ ಆ ಹಾಡಿಗೆ ಎಣಿಕೆ ಇಲ್ದೇನೇ ಮಾಡೋಣ, ಸುಮ್ನೆ ಹಾಡಿನ ಜೊತೆ ಹೋದ್ರಾಯ್ತು" ಎಂದಳು. ಆ ದನಿಯಲ್ಲಿದ್ದ ಮೆತ್ತಗಿನದೇನೋ ಇವರಿಗೆ ಚುಚ್ಚಿತು. ಆಸ್ಪತ್ರೆಯಲ್ಲಿ ಅವಳು ಮುದುಕರಿಗೆ ಇನ್ನೊಂದು ಹೆಜ್ಜೆ, ಇನ್ನೊಂದೇ ಹೆಜ್ಜೆ ಅನ್ನುವುದು ಇದೇ ದನಿಯಲ್ಲಿರಬೇಕು. "ಎಣಿಕೆ ಇಲ್ದೆ ಮಾಡೋಕೆ ಇದೇನು ಮದುವೆಮನೆ ಕುಣಿತಾನಾ? ನಾನು ಎಣಿಸ್ತೀನಿ" ಎಂದು ಬಂದಿದ್ದರು. ಬಂದು ಮತ್ತೆ ಬಚ್ಚಲುಮನೆ ಸೇರಿಕೊಂಡಿದ್ದರು.

ತಮಾಷೆಯೆಂದರೆ, ಆ ಹಾಡು ನಿದ್ದೆಯಲ್ಲೂ ಬರುವಂಥ ಒಬ್ಬ ಮನುಷ್ಯ ಅದೇ ಮನೆಯ ಮಹಡಿಯ ಮೇಲೆ ಮಲಗಿದ್ದ, ಮೇಷ್ಟ್ರ ಒಬ್ಬನೇ ಮಗ. ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಕತ್ತಲ ಗೂಡುಗಳೊಳಗೆ ಲಿಫ್ಟಿನ ನೆತ್ತಿಯ ಮೇಲೆ ನಿಂತು, ಒಂದು ಕಿವಿಗೆ ಇದೇ ಬ್ಯಾಂಡನ್ನು ಸಿಕ್ಕಿಸಿಕೊಂಡು, ಹಗ್ಗಕ್ಕೆ ಗ್ರೀಸು ಬಳಿಯುವವನು. ಹದಿಮೂರನೆಯ ವಯಸ್ಸಿನಲ್ಲಿ ಯಾರಿಂದಲೋ ತಂದ ಕ್ಯಾಸೆಟ್ಟನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದವನು ಈಗ ನಲವತ್ತೊಂದು ದಾಟಿದರೂ ಆ ಚಟ ಬಿಟ್ಟಿರಲಿಲ್ಲ. ಅವನನ್ನು ಕೇಳಿದರೆ ಎರಡು ನಿಮಿಷದ ಕೆಲಸ. ಆದರೆ ಕೇಳುವುದೆಂದರೆ ಮಾತಾಡಬೇಕು. ಅಪ್ಪ ಮಗ ಒಬ್ಬರಿಗೊಬ್ಬರು ನೇರವಾಗಿ ಒಂದು ವಾಕ್ಯ ಆಡಿ ಎಷ್ಟು ವರ್ಷವಾಯಿತೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಜಗಳವೆಂದು ಏನೂ ಆಗಿರಲಿಲ್ಲ. ಆಗಿದ್ದರೆ ಅದನ್ನು ಹಿಡಿದು ರಾಜಿ ಮಾಡಿಕೊಳ್ಳಬಹುದಿತ್ತು. ಕರೆಂಟ್ ಬಿಲ್ ಕಟ್ಟಿದನಾ ಕೇಳಮ್ಮ ಎಂದು ಇವರು ಸೊಸೆಗೆ, ನಾಳೆ ನೀರು ಬರಲ್ಲವಂತೆ ಹೇಳು ಎಂದು ಅವನು ಅವಳಿಗೆ. ಮೊದಲು ಈ ಕೆಲಸ ಹೆಂಡತಿಯದಾಗಿತ್ತು, ಅವಳು ಹೋದಮೇಲೆ ಅಡುಗೆಮನೆಯ ಜೊತೆಗೆ ಇದೂ ಸೊಸೆಯ ಪಾಲಿಗೆ ಬಂತು. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದರು. ನರ್ಸು ಬಂದು ಇಬ್ಬರಲ್ಲಿ ಯಾರು ಸಹಿ ಹಾಕ್ತೀರಿ ಎಂದಾಗ ಇಬ್ಬರೂ ಒಟ್ಟಿಗೆ ಎದ್ದು, ಒಟ್ಟಿಗೆ ಕೂತಿದ್ದರು.

ನಿನ್ನೆ ಸಂಜೆ ಮೆಟ್ಟಿಲು ಹತ್ತಿದ್ದು ನಿಜ. ಒಂದು ವಾಕ್ಯವನ್ನು ಸಿದ್ಧಮಾಡಿಕೊಂಡೇ ಹತ್ತಿದ್ದರು: ಆ ಕೊನೇ ಹಾಡನ್ನ ಹೇಗೆ ಎಣಿಸೋದು, ಸ್ವಲ್ಪ ಹೇಳ್ತೀಯಾ. 'ಸ್ವಲ್ಪ' ಬೇಕೇ ಬೇಡವೇ ಎಂದು ಎರಡು ಮೆಟ್ಟಿಲ ಮೇಲೆ ನಿಂತು ಯೋಚಿಸಿದ್ದರು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಮಗ ಬೆನ್ನು ಮಾಡಿ ಕೂತು ಏನನ್ನೋ ಬಿಚ್ಚಿ ಒರೆಸುತ್ತಿದ್ದ, ಕತ್ತಿನ ಹಿಂದೆ ಕೂದಲು ನರೆತಿತ್ತು. ಇಷ್ಟು ಯಾವಾಗ ನರೆಯಿತು ಎಂದು ಮೇಷ್ಟ್ರಿಗೆ ದಿಗಿಲಾಯಿತು. ಕರೆಯಬೇಕಲ್ಲ, ಹೇಗೆ ಕರೆಯುವುದು? ಮಗನೂ ಇವರನ್ನು ಕರೆಯುವುದು ಬಿಟ್ಟು ಯಾವ ಕಾಲವಾಯಿತೋ. ಶಾಲೆಯಲ್ಲಿ ಅಪ್ಪ ಅನ್ನಬಾರದು, ಸರ್ ಅನ್ನಬೇಕು, ಮೇಷ್ಟ್ರ ಮಗನೆಂದು ಯಾರೂ ಬೆರಳು ತೋರಿಸಬಾರದು ಎಂದು ಇವರೇ ಹಾಕಿದ ಕಟ್ಟಳೆ. ಹುಡುಗ ಅದನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ ಆ 'ಸರ್' ಅವನ ಜೊತೆಗೇ ಮನೆಗೂ ಬಂತು, ಊಟದ ತಟ್ಟೆಯ ಮುಂದೆಯೂ ಕೂತಿತು. ಹೆಂಡತಿ ನಗುತ್ತಿದ್ದಳು, ಇವರಿಗೂ ಆಗ ಒಳಗೊಳಗೇ ಹೆಮ್ಮೆ. ಆಮೇಲೆ ಮೀಸೆ ಬಂದ ಹುಡುಗ ಸರ್ ಎನ್ನುವುದನ್ನೂ ಬಿಟ್ಟು, ಯಾರನ್ನೂ ಕರೆಯದೆಯೇ ವಾಕ್ಯ ಮುಗಿಸುವ ಅಭ್ಯಾಸ ಮಾಡಿಕೊಂಡ. ಬಾಗಿಲ ಬಳಿ ನಿಂತು ಮೇಷ್ಟ್ರು ಕೆಮ್ಮಿದರು. ಅವನ ಕಿವಿಯಲ್ಲಿ ಹೆಡ್‌ಫೋನ್ ಇತ್ತು. ಕೆಳಗೆ ಬಂದುಬಿಟ್ಟರು.

"ಅವರನ್ನೇ ಕೇಳಿ ಮಾವ" ಎಂದಳು ಸೊಸೆ, ಬಚ್ಚಲಿನಿಂದ ಹೊರಗೆ ಬಂದವರ ಒದ್ದೆ ಪ್ಯಾಂಟಿನ ತುದಿ ನೋಡಿ. ಅಂದರೆ ಅವಳಿಗೆ ವಾರದಿಂದಲೂ ಗೊತ್ತಿತ್ತು. ಔಷಧಿ ಅಂಗಡಿಯಲ್ಲಿ ದಿನವಿಡೀ ಡಾಕ್ಟರುಗಳ ಕೈಬರಹ ಓದುವವಳಿಗೆ ಈ ಮನೆಯ ಇಬ್ಬರನ್ನು ಓದುವುದು ಏನು ಮಹಾ. "ಏನು ಕೇಳೋದು?" ಎಂದರು ಮೇಷ್ಟ್ರು. "ಏನಿಲ್ಲ ಬಿಡಿ" ಎಂದು ಅವಳು ಕಾಫಿ ಲೋಟ ಮುಂದಿಟ್ಟಳು. ಮೇಷ್ಟ್ರು ನಿಂತುಕೊಂಡೇ ಕುಡಿದರು. "ಎಷ್ಟು ದಿನ ಅಂತ ನಾನೇ ಮಧ್ಯೆ ಓಡಾಡ್ಲಿ ಮಾವ" ಎಂದಳು ಅವಳು, ಇವರ ಕಡೆ ನೋಡದೆ, ದೂರಿನಂತಲ್ಲ, ಹಾಲು ಮುಗಿದಿದೆ ಎಂದು ಹೇಳುವವಳಂತೆ. ಮೇಷ್ಟ್ರು ಲೋಟ ತೊಳೆದಿಟ್ಟು, ವಿಸಿಲನ್ನು ಕೊರಳಿಗೆ ಹಾಕಿಕೊಂಡು ಹೊರಟರು.

ದಾರಿಯಲ್ಲಿ ಕಾಲುಗಳು ತಾವಾಗಿ ಎಂಟಕ್ಕೆ ಹೆಜ್ಜೆ ಹಾಕುತ್ತಿದ್ದವು. ಅಂಗಡಿಗಳ ಶಟರು ಇನ್ನೂ ಎದ್ದಿರಲಿಲ್ಲ, ಕಸದ ಗಾಡಿಯೊಂದು ಮೂಲೆಯಲ್ಲಿ ಕೆಮ್ಮುತ್ತ ನಿಂತಿತ್ತು. ಶಾಲೆಯ ವಾರ್ಷಿಕ ಪ್ರದರ್ಶನದ ದಿನವೂ ಹೀಗೇ ಬೆಳಗ್ಗೆ ಒಬ್ಬರೇ ಮೈದಾನಕ್ಕೆ ನಡೆದು ಹೋಗಿ ಸುಣ್ಣದ ಗೆರೆ ಎಳೆದಿದ್ದರು. ಇನ್ನೂರು ಹುಡುಗರು, ಬಿಳಿ ಅಂಗಿ, ಒಂದು ಡೋಲು, ಇವರ ಎಣಿಕೆ. ನಾಲ್ಕಕ್ಕೆ ಕೈ ಮೇಲೆ, ಎಂಟಕ್ಕೆ ಕೆಳಗೆ. ಮೂರನೆಯ ಸಾಲಿನಲ್ಲಿ ಮಗನಿದ್ದ, ಎಂಟನೆಯ ತರಗತಿ. ಮೊದಲ ಸುತ್ತಿನಲ್ಲಿ ಅವನ ಕೈ ಒಂದು ಎಣಿಕೆ ಮೊದಲೇ ಇಳಿಯಿತು, ಅವಸರ ಎಂದುಕೊಂಡರು. ಎರಡನೆಯದರಲ್ಲಿ ಎರಡು ಎಣಿಕೆ ಮೊದಲು, ಮೂರನೆಯದರಲ್ಲಿ ಮೂರು. ನಾಲ್ಕನೆಯದಕ್ಕೆ ಬರುವಾಗ ಇನ್ನೂರು ಹುಡುಗರ ಕೈ ಮೇಲಿದ್ದರೆ ಅವನೊಬ್ಬನದು ಕೆಳಗೆ. ಮುಂದಿನ ಕುರ್ಚಿಗಳಲ್ಲಿ ಯಾರೋ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಳು. ಬೇಕಂತಲೇ ಮಾಡುತ್ತಿದ್ದಾನೆ, ಎಲ್ಲರೆದುರು ನನ್ನ ಮಾನ ಕಳೆಯಲೆಂದೇ ಮಾಡುತ್ತಿದ್ದಾನೆ ಎಂದು ಮೇಷ್ಟ್ರಿಗೆ ತಲೆಗೆ ರಕ್ತವೇರಿತು. ಅವರು ಎಣಿಸುವುದನ್ನು ನಿಲ್ಲಿಸಲಿಲ್ಲ. ಎಣಿಸುತ್ತಲೇ ಸಾಲಿನೊಳಗೆ ನಡೆದು, ಅಂಗಿಯ ಕಾಲರು ಹಿಡಿದು ಎಳೆದು ತಂದು, ಐದು ಮತ್ತು ಆರರ ನಡುವೆ ಕೆನ್ನೆಗೆ ಬಾರಿಸಿ, ಗೋಡೆಗೆ ಮುಖಮಾಡಿ ನಿಲ್ಲಿಸಿದರು. ಸಂಜೆ ಮನೆಯಲ್ಲಿ, ಯಾಕೋ ಹಾಗೆ ಮಾಡಿದೆ ಎಂದರೆ, "ಎಣಿಸ್ತಾ ಇದ್ದೆ ಸರ್" ಎಂದ. ಅಷ್ಟೇ ಹೇಳಿದ. ಆ ಉದ್ಧಟತನಕ್ಕೆ ಇನ್ನೊಂದು ಬಿತ್ತು. ಇಂಥದ್ದೆಲ್ಲ ಯಾವ ಮನೆಯಲ್ಲಿ ಆಗುವುದಿಲ್ಲ ಎಂದು ಮೇಷ್ಟ್ರು ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡದ್ದುಂಟು.

ಮೈದಾನದಲ್ಲಿ ಆಗಲೇ ಜನ ಸೇರಿದ್ದರು, ಎಲ್ಲರೂ ಕಪ್ಪು ಅಂಗಿ. ಬೇಕರಿಯವನು ಇಪ್ಪತ್ತು ವರ್ಷದ ಹಿಂದಿನ ಟೀಶರ್ಟೊಂದರೊಳಗೆ ಹೇಗೋ ಹೊಕ್ಕು ಬಂದಿದ್ದ. ಬ್ಯಾಂಡಿನ ನಾಲ್ವರ ಮುಖಗಳೂ ಅವನ ಹೊಟ್ಟೆಯ ಮೇಲೆ ಅಗಲವಾಗಿ ಹರಡಿಕೊಂಡಿದ್ದವು. ಮೇಷ್ಟ್ರೊಬ್ಬರೇ ಬಿಳಿ. "ನಿಮಗೂ ಒಂದು ಕಪ್ಪು ತರಬೇಕಿತ್ತು ಮೇಷ್ಟ್ರೇ, ಮರೆತೆ" ಎಂದಳು ಫಿಸಿಯೋದವಳು. "ಹೋದ ಸಲದ ಸ್ಪೀಕರ್ ಸಾಲಲ್ಲ ಅಂತ ಗ್ರೂಪಲ್ಲಿ ಹಾಕಿದ್ದೆ. ನಿಮ್ಮನೆ ಹತ್ರದವರೇ ಯಾರೋ ದೊಡ್ಡದು ತರ್ತಾರಂತೆ." ಅವಳ ಮಾತು ಮುಗಿಯುವ ಮೊದಲೇ ಗೇಟಿನ ಹತ್ತಿರ ಬೈಕು ನಿಂತ ಸದ್ದಾಯಿತು. ಹೆಗಲ ಮೇಲೆ ಸ್ಪೀಕರ್ ಹೊತ್ತು ಮಗ ಬರುತ್ತಿದ್ದ. ಗುಂಪಿನ ಸಂದೇಶಗಳೆಲ್ಲ ಸೊಸೆಯ ಮೊಬೈಲಿಗೆ ಬರುತ್ತವೆ. ಮೇಷ್ಟ್ರಿಗೆ ಅಷ್ಟು ಹೊತ್ತಿಗೆ ಎಲ್ಲವೂ ಅರ್ಥವಾಯಿತು. ಇವನನ್ನು ಕಳಿಸಿದವಳು ಅವಳೇ. ಬಂದವನು ಯಾರ ಮುಖವನ್ನೂ ನೋಡದೆ ಸ್ಪೀಕರನ್ನು ಕಟ್ಟೆಯ ಪಕ್ಕ ಇಳಿಸಿದ, ವೈರು ಬಿಡಿಸತೊಡಗಿದ. "ಥ್ಯಾಂಕ್ಸ್ ರೀ, ಭಾನುವಾರ ನಿದ್ದೆ ಬಿಟ್ಟು ಬಂದಿದೀರಿ" ಎಂದು ಫಿಸಿಯೋದವಳು ಅವನಿಗೆ ಹೇಳಿ, ಮೇಷ್ಟ್ರ ಕಡೆ ತಿರುಗಿ, "ಇವರು ನಿಮಗೆ ಗೊತ್ತಿರಬೇಕಲ್ಲ ಮೇಷ್ಟ್ರೇ?" ಎಂದಳು.

ಇಂಥ ಪ್ರಶ್ನೆಗೆ ಉತ್ತರ ಒಂದೇ ಇರುತ್ತದೆ, ಅದಕ್ಕೆ ಯೋಚನೆ ಬೇಕಾಗುವುದಿಲ್ಲ. ಮೇಷ್ಟ್ರು ಯೋಚಿಸಿದರು. ಒಂಬತ್ತು ವರ್ಷದಲ್ಲಿ ಈ ಮೈದಾನದಲ್ಲಿ ತಮಗೊಬ್ಬ ಮಗನಿದ್ದಾನೆಂದು ಅವರು ಹೇಳಿರಲಿಲ್ಲ. ಸೊಸೆಯ ಮಾತು ಬಂದಾಗ ಮಗ ಎಲ್ಲೋ ದೂರದಲ್ಲಿ ಕೆಲಸದಲ್ಲಿರಬೇಕೆಂದು ಜನ ತಾವೇ ಅಂದುಕೊಂಡರು, ಇವರು ತಿದ್ದಲಿಲ್ಲ. ಒಂದೇ ಮನೆಯಲ್ಲಿರುವ ಮಗ ಒಂಬತ್ತು ವರ್ಷದಲ್ಲಿ ಒಂದು ದಿನವೂ ಈ ಕಡೆ ತಲೆಹಾಕಲಿಲ್ಲವೇಕೆ ಎಂದು ಬೇಕರಿಯವನು ಈಗ ಕೇಳದೆ ಬಿಡುವನೇ. "ನಮ್ಮ ಬೀದಿಯವರೇ" ಎಂದರು. ಬಾಯಿಂದ ಬಿದ್ದಮೇಲೆ ಅದು ತಮ್ಮ ದನಿಯೇ ಹೌದೋ ಎಂದು ಅನುಮಾನವಾಯಿತು. ವೈರು ಬಿಡಿಸುತ್ತಿದ್ದ ಬೆರಳು ಒಂದು ಕ್ಷಣ ನಿಂತಿತು, ಮತ್ತೆ ಬಿಡಿಸಿತು. ಮಗ ತಲೆಯೆತ್ತಿ ಫಿಸಿಯೋದವಳನ್ನು ನೋಡಿ, ಹೌದು, ಅದೇ ಬೀದಿ ಎಂದ.

ಹಾಡು ಶುರುವಾಯಿತು. ಮೊದಲನೆಯದಕ್ಕೆ ಕೈ ಬೀಸುವುದು, ಎರಡನೆಯದಕ್ಕೆ ಸೊಂಟ ತಿರುಗಿಸುವುದು, ಮೂರನೆಯದಕ್ಕೆ ನಿಂತಲ್ಲೇ ಓಟ. ಕಟ್ಟೆಯ ಮೇಲೆ ನಿಂತ ಮೇಷ್ಟ್ರ ದನಿ ಸ್ಪೀಕರಿನ ಮೇಲೆ ಸವಾರಿ ಮಾಡುತ್ತ ಹೋಯಿತು, ಒಂದ್, ಎರಡ್, ಮೂರ್, ನಾಲ್ಕ್. ಇಪ್ಪತ್ತಾರು ಕಪ್ಪು ಅಂಗಿಗಳು ಒಟ್ಟಿಗೆ ಬಗ್ಗಿದವು, ಒಟ್ಟಿಗೆ ಎದ್ದವು. ಬೇಕರಿಯವನು ಬಾಯಿಬಿಟ್ಟು ಹಾಡಿಕೊಳ್ಳುತ್ತಿದ್ದ, ನಿಯಮ ಮುರಿದಿದ್ದಕ್ಕೆ ಇವತ್ತು ಅವನನ್ನು ಗದರಬೇಕೆನಿಸಲಿಲ್ಲ. ಮಗ ಹೋಗಿರಲಿಲ್ಲ. ಕಾಂಪೌಂಡಿನ ಮೋಟುಗೋಡೆಯ ಮೇಲೆ ಕೂತಿದ್ದ, ಸ್ಪೀಕರ್ ವಾಪಸು ಒಯ್ಯಬೇಕಲ್ಲ. ಒಮ್ಮೆ ಅವನ ಪಾದ ಹಾಡಿಗೆ ಅಲ್ಲಾಡುವುದು ಕಂಡಿತು. ಆ ಅಲ್ಲಾಟವೂ ತಮ್ಮ ಎಣಿಕೆಯೂ ಒಂದೇ ಆಗಿರುವುದನ್ನು ಮೇಷ್ಟ್ರು ಗಮನಿಸಿದರು. ಏಳನೆಯ ಹಾಡು ಮುಗಿದು ನೀರು ಕುಡಿಯಲು ಐದು ನಿಮಿಷ ಬಿಟ್ಟಾಗ ಅವರು ಕಟ್ಟೆಯಿಂದಿಳಿದು ನೇರ ಗೋಡೆಯ ಕಡೆ ನಡೆದರು. ಈಗ ಕೇಳಿಬಿಡಬೇಕು. ಸ್ವಲ್ಪವೂ ಬೇಡ ಗಿಲ್ಪವೂ ಬೇಡ, ಕೊನೇ ಹಾಡು ಹೇಗೆ ಎಣಿಸೋದೋ ಎಂದರೆ ಸಾಕು, ಅದರಲ್ಲೇ ಎಲ್ಲವೂ ಇದೆ, ಅವನಿಗೆ ತಿಳಿಯುತ್ತದೆ. ಎರಡು ಮಾರು ದೂರವಿರುವಾಗ ಬೇಕರಿಯವನು ಹಿಂದೆಯೇ ಏದುಸಿರು ಬಿಡುತ್ತ ಬಂದು ಪಕ್ಕದಲ್ಲೇ ನಿಂತ. ಮೇಷ್ಟ್ರು ಕೈಯಲ್ಲಿದ್ದ ಬಾಟಲಿಯನ್ನು ಮುಂದೆ ಚಾಚಿದರು. "ನೀರು ಕುಡೀತೀರಾ?" ಎಂದರು.

ಹೆತ್ತ ಮಗನಿಗೆ ಬಹುವಚನ. ಮಗ ಬಾಟಲಿಯನ್ನು ನೋಡಿದ, ಆಮೇಲೆ ಇವರನ್ನು ನೋಡಿದ. ಎಷ್ಟೋ ವರ್ಷದ ಮೇಲೆ ಅಷ್ಟು ಹತ್ತಿರದಿಂದ ನೋಡಿದ್ದು. ಅವನ ಕಣ್ಣಲ್ಲಿ ಕೋಪವಿದ್ದಿದ್ದರೆ ಮೇಷ್ಟ್ರು ಹೇಗೋ ನಿಭಾಯಿಸುತ್ತಿದ್ದರು. "ಬೇಡ, ಥ್ಯಾಂಕ್ಸ್" ಎಂದ. "ನಂಗೆ ಕೊಡಿ ಮೇಷ್ಟ್ರೇ, ಪ್ರಾಣ ಹೋಗ್ತಿದೆ" ಎಂದು ಬೇಕರಿಯವನು ಬಾಟಲಿ ಕಿತ್ತುಕೊಂಡು ಗಟಗಟ ಕುಡಿದ.

ಕೊನೆಯ ಹಾಡಿಗೆ ಬಸ್ಕಿ. ಏಳುವಾಗ ಕೈ ಮೇಲೆ, ಕೂರುವಾಗ ಕೈ ಮುಂದೆ. ಮೊದಲ ಡ್ರಮ್ಮಿನ ಪೆಟ್ಟಿಗೇ ಗುಂಪಿನಲ್ಲಿ ಒಂದು ಕೂಗೆದ್ದಿತು. ಮೇಷ್ಟ್ರು ಒಂದು ಎಂದರು. ಎಂಟನ್ನು ಹೇಗಾದರೂ ತುರುಕಬೇಕೆಂದು ಉಸಿರು ಬಿಗಿಹಿಡಿದು ಓಡಿಸಿದರು, ಮೊದಲ ಸುತ್ತು ಹೋಯಿತು. ಎರಡನೆಯದರಲ್ಲಿ ಅರ್ಧ ಜನ ಇವರ ಮಾತು ಕೇಳಿದರು, ಅರ್ಧ ಜನ ಹಾಡಿನ ಮಾತು ಕೇಳಿದರು. ಮೂರನೆಯದರಲ್ಲಿ ಮುಂದಿನ ಸಾಲು ಕೂರುವಾಗ ಹಿಂದಿನ ಸಾಲು ಎದ್ದಿತು, ಯಾರೋ ನಕ್ಕರು, ಬೇಕರಿಯವನು ಕೂರಬೇಕೋ ಏಳಬೇಕೋ ತಿಳಿಯದೆ ತೂಗಾಡಿ ಪಕ್ಕದ ಹೆಂಗಸಿನ ಮೇಲೆ ವಾಲಿದ. ಫಿಸಿಯೋದವಳು ಹಾಡು ನಿಲ್ಲಿಸಿದಳು. "ಪರ್ವಾಗಿಲ್ಲ, ಇನ್ನೊಂದ್ಸಲ" ಎಂದಳು. ಇನ್ನೊಂದು ಸಲವೂ ಅದೇ. ಈ ಸಲ ಯಾರೂ ನಗಲಿಲ್ಲ, ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ಕಟ್ಟೆಯ ಮೇಲೆ ಬಿಳಿ ಅಂಗಿಯಲ್ಲಿ ನಿಂತ ಮೇಷ್ಟ್ರಿಗೆ ಎಲ್ಲರೂ ತಮ್ಮನ್ನು ಬಿಟ್ಟು ಬೇರೆ ಬೇರೆ ಕಡೆ ನೋಡುತ್ತಿರುವುದು ಕಾಣುತ್ತಿತ್ತು. ವಯಸ್ಸಾಯಿತು ಪಾಪ ಎಂಬುದು ಯಾರ ಬಾಯಿಂದಲೂ ಬರದೆ ಗಾಳಿಯಲ್ಲಿ ನಿಂತಿತ್ತು. ಫಿಸಿಯೋದವಳು ಗೋಡೆಯ ಕಡೆ ತಿರುಗಿ, "ನಿಮಗೆ ಈ ಹಾಡು ಗೊತ್ತಾ? ಇದನ್ನ ಹೇಗೆ ಎಣಿಸ್ತಾರೆ?" ಎಂದಳು.

"ಏಳು" ಎಂದ ಮಗ. ಕೂತಲ್ಲಿಂದಲೇ ಹೇಳಿದ. "ಇದು ಎಂಟರಲ್ಲಿ ಬರಲ್ಲ. ಏಳಕ್ಕೆ ಮುಗಿಯುತ್ತೆ, ಮತ್ತೆ ಒಂದು." "ನೀವೇ ಒಂದು ಸಲ ಹೇಳಿ ಪ್ಲೀಸ್" ಎಂದಳು. ಅವನು ಒಲ್ಲೆನೆಂಬಂತೆ ತಲೆಯಾಡಿಸಿದ, ಹತ್ತು ಜನ ಬನ್ನಿ ಬನ್ನಿ ಎಂದರು. ಮೇಷ್ಟ್ರು ತಾವಾಗಿಯೇ ಕಟ್ಟೆಯಿಂದಿಳಿದರು. ಇಳಿಯುವಾಗ ಯಾರೋ ಕೈ ಹಿಡಿಯಲು ಬಂದರು, ಬೇಡವೆಂದರು. ಸಾಲುಗಳ ನಡುವೆ ದಾರಿ ಮಾಡಿಕೊಂಡು ಹಿಂದೆ ಹಿಂದೆ ಹೋಗಿ ಕೊನೆಯ ಸಾಲಿನ ತುದಿಯಲ್ಲಿ ನಿಂತರು. ತಾವು ಆರಂಭಿಸಿದ ಮೈದಾನದಲ್ಲಿ ಕಟ್ಟೆಯನ್ನು ಇಷ್ಟು ದೂರದಿಂದ ಅವರು ಯಾವತ್ತೂ ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೇಕರಿಯವನೂ ಮುಂದಿನ ಸಾಲಲ್ಲಿ ನಾಚಿಕೆಯಾಗುತ್ತದೆಂದು ಇವರ ಪಕ್ಕಕ್ಕೆ ಬಂದು ನಿಂತ. ಮಗ ಕಟ್ಟೆ ಹತ್ತಲಿಲ್ಲ. ಅದರ ಪಕ್ಕದಲ್ಲಿ, ನೆಲದ ಮೇಲೆ ನಿಂತು, ಎಣಿಸಿದ.

ಜೋರು ದನಿಯಲ್ಲ. ಮೇಷ್ಟ್ರ ಹಾಗೆ ಅಂಕಿಗಳನ್ನು ಹೊಡೆಯುತ್ತಿರಲಿಲ್ಲ, ಒಂದೊಂದನ್ನೂ ಕೈಹಿಡಿದು ಇಳಿಸುತ್ತಿದ್ದ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು; ಒಂದು. ಎಲ್ಲರೂ ಒಟ್ಟಿಗೆ ಕೂತರು, ಒಟ್ಟಿಗೆ ಎದ್ದರು, ಎಷ್ಟು ಸುಲಭವಿತ್ತು. ಬಚ್ಚಲುಮನೆಯಲ್ಲಿ ಒಂದು ವಾರ ಕೈಗೆ ಸಿಗದೆ ಓಡಿದ್ದು ಇಷ್ಟೇ ಏನು, ಬುದ್ಧಿಗೆ ಏನೂ ಆಗಿರಲಿಲ್ಲವೇ ಎಂದು ಮೇಷ್ಟ್ರಿಗೆ ಒಂದು ಗಳಿಗೆ ಹಗುರಾಯಿತು. ಹಗುರಾದ ಮನಸ್ಸು ತನ್ನ ಪಾಡಿಗೆ ತಾನು ಪಕ್ಕದಲ್ಲಿ ಎಂಟನ್ನೂ ಎಣಿಸತೊಡಗಿತು, ಅಭ್ಯಾಸಬಲ. ಇವರ ಮೊದಲ ಸುತ್ತಿಗಿಂತ ಅವನದು ಒಂದು ಎಣಿಕೆ ಮೊದಲು ಮುಗಿಯಿತು. ಎರಡನೆಯದರಲ್ಲಿ ಎರಡು. ಮೂರನೆಯದರಲ್ಲಿ ಮೂರು. ನಾಲ್ಕನೆಯದಕ್ಕೆ ಇವರ ಮನಸ್ಸಿನ ಕೈ ಮೇಲಿದ್ದಾಗ ಅವನ ಕೈ ಕೆಳಗಿತ್ತು, ಮೂರನೆಯ ಸಾಲು, ಬಿಳಿ ಅಂಗಿ. ಎಣಿಸ್ತಾ ಇದ್ದೆ ಸರ್. ಹುಡುಗ ಎಣಿಸುತ್ತಿದ್ದ. ಇನ್ನೂರು ಜನರ ನಡುವೆ, ಡೋಲಿನ ಸದ್ದಿನಲ್ಲೂ ದಿಂಬಿನ ಕೆಳಗಿನ ಆ ಹಾಡನ್ನು ತಲೆಯಲ್ಲಿ ಹಿಡಿದುಕೊಂಡು, ಒಂದೂ ತಪ್ಪದೆ, ಅಪ್ಪ ಕಲಿಸಿದಷ್ಟೇ ನಿಷ್ಠೆಯಿಂದ ಏಳೇಳು ಎಣಿಸುತ್ತಿದ್ದ. ಮೇಷ್ಟ್ರು ಮುಂದಕ್ಕೂ ಲೆಕ್ಕ ಹಾಕಿದರು, ಹಾಕಬಾರದಿತ್ತು. ಐದನೆಯ ಸುತ್ತು, ಆರನೆಯದು, ಏಳನೆಯದು. ಇವರ ಏಳನೆಯ ಸುತ್ತಿನ ಎಂಟೂ ಅವನ ಎಂಟನೆಯ ಸುತ್ತಿನ ಏಳೂ ಒಂದೇ ಪೆಟ್ಟಿಗೆ ಬಂದು ಬಿದ್ದವು, ಐವತ್ತಾರು. ಅಲ್ಲಿಂದ ಮುಂದೆ ಇಬ್ಬರಿಗೂ ಮತ್ತೆ ಒಟ್ಟಿಗೆ ಒಂದು. ಅವತ್ತು ಇವರು ಕಾಲರಿಗೆ ಕೈ ಹಾಕಿದ್ದು ನಾಲ್ಕನೆಯ ಸುತ್ತಿನಲ್ಲಿ. ಇನ್ನು ಮೂರು ಸುತ್ತು, ಬರೀ ಮೂರು ಸುತ್ತು ಸುಮ್ಮನೆ ನೋಡುತ್ತ ನಿಂತಿದ್ದರೆ ಹುಡುಗ ತಾನಾಗಿಯೇ ಎಲ್ಲರ ಜೊತೆ ಬಂದು ಸೇರಿಕೊಳ್ಳುತ್ತಿದ್ದ. ಮುಖವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಬಸ್ಕಿಗೆ ಕೂತವರು ಏಳಲಾಗದೆ, ಒಂದು ಕೈ ನೆಲಕ್ಕೂರಿ, ಹಾಗೇ ಉಳಿದರು.

ಹಾಡು ನಿಂತಿತು. ಮಗನೇ ನಿಲ್ಲಿಸಿದ್ದ. ಅಷ್ಟು ಸಾಲುಗಳ ಆಚೆಯಿಂದ ಅವನ ದನಿ ಬಂತು, ಅದೇ ಜೋರಿಲ್ಲದ ದನಿ. "ಹಿಂದಿನ ಸಾಲಲ್ಲಿರೋ ಹಿರಿಯರು ಕೂತು ಏಳೋದು ಬೇಡ. ಎಡಗಾಲಿನ ಮಂಡಿ ಮೇಲೆ ಭಾರ ಬೀಳುತ್ತೆ. ನಿಂತ್ಕೊಂಡು ಕೈ ಮಾತ್ರ ಮಾಡಿ, ಸಾಕು."

ಎಲ್ಲರೂ ತಿರುಗಿ ನೋಡಿದರು. ಮೇಷ್ಟ್ರು ನಿಧಾನವಾಗಿ ಎದ್ದು ನಿಂತರು. ಎಡಮಂಡಿ ಎರಡು ತಿಂಗಳಿಂದ ನೋಯುತ್ತಿದ್ದುದು ನಿಜ. ಆದರೆ ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಸೊಸೆಗೂ ಹೇಳಿರಲಿಲ್ಲ. ಕೆಳಗಿನ ಮನೆಯಲ್ಲಿ ಬೆಳಗ್ಗೆ ಸಂಜೆ ಓಡಾಡುವ ತಮ್ಮ ಹೆಜ್ಜೆಯ ಸದ್ದು ಮಹಡಿಯವರೆಗೆ ಕೇಳುತ್ತದೆಂದಾಗಲಿ, ಅದನ್ನು ಕೇಳಿಸಿಕೊಳ್ಳುವವರು ಅಲ್ಲಿ ಯಾರಾದರೂ ಇದ್ದಾರೆಂದಾಗಲಿ ಅವರು ಯೋಚಿಸಿದವರಲ್ಲ. ಬೇಕರಿಯವನು ಹೊಟ್ಟೆಯ ಮೇಲಿನ ಅಂಗಿ ಕೆಳಗೆಳೆದುಕೊಳ್ಳುತ್ತ ಇವರ ಕಿವಿಯ ಬಳಿ ಬಗ್ಗಿದ.

"ಎಡಗಾಲು ಅಂತ ಅವರಿಗೆ ಹೇಗೆ ಗೊತ್ತಾಯ್ತು ಮೇಷ್ಟ್ರೇ?"

ಮೇಷ್ಟ್ರು ಬಾಯಿ ತೆರೆದರು. ಮುಂದೆ ಮಗ ಸ್ಪೀಕರಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಹಿಂದಿನ ಸಾಲಿನ ಕಡೆಗೇ ನೋಡುತ್ತ ಕಾಯುತ್ತಿದ್ದ. ಒಂದು ಮಾತಿಗೆ ಬೇಕಾಗುವಷ್ಟು ಹೊತ್ತು ಕಾದ.

"ನಡಿಗೆ ನೋಡಿದ್ರೆ ಗೊತ್ತಾಗುತ್ತಲ್ಲ" ಎಂದರು ಮೇಷ್ಟ್ರು.

ಹಾಡು ಮತ್ತೆ ಶುರುವಾಯಿತು. ಮೇಷ್ಟ್ರು ನಿಂತುಕೊಂಡು ಎರಡೂ ಕೈ ಎತ್ತಿದರು, ಮಗನ ದನಿ ಏಳು ಎಂದಾಗ ಇಳಿಸಿದರು.